ಹೆರಿಗೆ ವಾರ್ಡೇ ಕಲಿಸಿದ್ದು: ಎಂಟೂವರೆ ವರ್ಷ ಕಳೆದ ಸರ್ಕಾರಿ ಮೆಡಿಕಲ್ ಕಾಲೇಜಿನ ವಿಮರ್ಶೆ

2012ರಲ್ಲಿ ಸಿಇಟಿ ಬರೆದು ಎಂಬಿಬಿಎಸ್‌ಗೆ ಸೇರಿದೆ. ಇಂಟರ್ನ್‌ಶಿಪ್ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು ನೀಟ್ ಪಿಜಿಗೆ, ಅಂದರೆ ಸ್ನಾತಕೋತ್ತರ ಸೀಟಿನ ಪರೀಕ್ಷೆಗೆ, ಓದಿದೆ. 2019ರ ಮೇನಲ್ಲಿ ಅದೇ ಗೇಟಿನೊಳಗೆ ಮತ್ತೆ ಹೋಗಿ, ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಎಂಎಸ್ ಮುಗಿಸಿ 2022ರಲ್ಲಿ ಹೊರಬಿದ್ದೆ. ಕಾಲೇಜಿನ ಹೆಸರು ಹಾಕುವುದಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ ಅಂದರೆ ಸಾಕು. ಕೌನ್ಸೆಲಿಂಗ್ ಹೊತ್ತಿಗೆ ಪ್ರತಿವರ್ಷ ಯಾರದೋ ಚಿಕ್ಕಪ್ಪನ ಮಗಳು, ಯಾರದೋ ನಾದಿನಿ ಫೋನ್ ಮಾಡಿ "ಅಕ್ಕಾ, ಅಲ್ಲಿ ಪಿಜಿ ಹೆಂಗಿದೆ?" ಅಂತ ಕೇಳುತ್ತಾರೆ. ಅದಕ್ಕೇ ಒಮ್ಮೆ ಬರೆದಿಟ್ಟುಬಿಡೋಣ ಅಂತ.

ಎಂಬಿಬಿಎಸ್ ಬಗ್ಗೆ ಹೆಚ್ಚು ಹೇಳಲಾರೆ. ಅನಾಟಮಿ, ಪೆಥಾಲಜಿ ಚೆನ್ನಾಗಿ ಕಲಿಸಿದರು. ಉಳಿದದ್ದನ್ನು ಎಲ್ಲರ ಹಾಗೆ ನೋಟ್ಸು, ಸೀನಿಯರ್‌ಗಳು ಕಲಿಸಿದರು. ಫೀಸು ಕಡಿಮೆ, ರೋಗಿಗಳು ಧಾರಾಳ. ಪಿಜಿಯ ಕತೆಯೇ ಬೇರೆ. ಅಲ್ಲಿ ನೀವು ವಿದ್ಯಾರ್ಥಿ ಅಲ್ಲ, ಆಸ್ಪತ್ರೆ ನಡೆಸುವ ಕೈ.

ಮೊದಲ ಮೂರು ತಿಂಗಳು ನಾನು ಮಾಡಿದ್ದು ಇಷ್ಟು: ರಕ್ತ ಎಳೆಯೋದು, ಬ್ಲಡ್ ಬ್ಯಾಂಕಿಗೆ ಓಡೋದು, ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಪಾರ್ಟೋಗ್ರಾಫ್ ತುಂಬೋದು, ತಾಯಿ ಕಾರ್ಡ್ ತರದೆ ಬಂದವರ ಹಳೇ ವಿವರವನ್ನು ಅತ್ತೆಯ ಬಾಯಿಂದ ಹೊರಡಿಸೋದು. ನನ್ನ ಜೊತೆ ಆಲ್ ಇಂಡಿಯಾ ಕೋಟಾದಲ್ಲಿ ಬಂದ ಜೈಪುರದ ಹುಡುಗಿ ಇದ್ದಳು. ಯಾರೋ "ನಿನ್ನೆಯಿಂದ ಬ್ಯಾನಿ ತಿನ್ನಾಕತ್ತೀನ್ರಿ" (ಹೆರಿಗೆ ನೋವು ಬರ್ತಿದೆ) ಅಂದರೆ ಏನು ತಿಂದರು ಅಂತ ಕೇಸ್ ಶೀಟಿನಲ್ಲಿ ಬರೆಯಲು ಹೊರಟಿದ್ದಳು. ಆರು ತಿಂಗಳಿಗೆ ಅವಳೇ "ಮುಕ್ಕರಿ ಯವ್ವಾ, ಇನ್ನೊಮ್ಮೆ ಜೋರಾಗಿ ಮುಕ್ಕರಿ" ಅಂತ ವಾರ್ಡು ಅದುರುವಂತೆ ಕೂಗುತ್ತಿದ್ದಳು. ಕನ್ನಡ ಕಲಿಸಲು ಕಾಲೇಜು ಏನೂ ಮಾಡಲಿಲ್ಲ. ಆಯಾ ಅಮ್ಮಂದಿರು ಕಲಿಸಿದರು.

ಇಡೀ ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಒಂದು ರಾತ್ರಿ. ಫಸ್ಟ್ ಇಯರ್ ಮುಗಿಯುತ್ತಾ ಬಂದಿತ್ತು. ಎರಡೂವರೆ ಹೊತ್ತಿಗೆ 108ರಲ್ಲಿ ಒಬ್ಬಳನ್ನು ತಂದರು. ಹೆರಿಗೆ ಹಳ್ಳಿಯ ಪಿಎಚ್‌ಸಿಯಲ್ಲಿ ಆಗಿತ್ತು, ಮಗು ಚೆನ್ನಾಗಿತ್ತು, ರಕ್ತ ಮಾತ್ರ ನಿಂತಿರಲಿಲ್ಲ. ಸ್ಟ್ರೆಚರ್ ಮೇಲಿನ ಬೆಡ್‌ಶೀಟು ಹಿಂಡಿದರೆ ಸುರಿಯುವ ಹಾಗಿತ್ತು. ನಮ್ಮ ಲೇಬರ್ ರೂಮಿನ ಹಿರಿಯ ಸಿಸ್ಟರ್ ನನ್ನ ಕೈ ಹಿಡಿದು ಆಕೆಯ ಹೊಟ್ಟೆ ಮೇಲೆ ಒತ್ತಿದರು. "ತಿಕ್ಕ್ರಿ ಡಾಕ್ಟ್ರ. ಕಲ್ಲಿನಂಗ ಆಗ್ಬೇಕು. ನಾ ಹೇಳೋತನಕ ಕೈ ತೆಗೀಬ್ಯಾಡ್ರಿ." ಗರ್ಭಚೀಲ ಒಂದು ಕ್ಷಣ ಗಟ್ಟಿಯಾಗುತ್ತಿತ್ತು, ಮರುಕ್ಷಣ ನೆನೆದ ಹಿಟ್ಟಿನ ಹಾಗೆ ಮೆತ್ತಗಾಗುತ್ತಿತ್ತು. ಗರ್ಭಚೀಲ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಓಡುತ್ತಿತ್ತು, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಾಗಿತ್ತು. ಬಿಪಿ ಜಾಸ್ತಿ ಇದ್ದ ಕೇಸು ಅಂತ ರೆಫರಲ್ ಚೀಟಿಯಲ್ಲಿತ್ತು, ಹಾಗಾಗಿ ಬಿಪಿ ಏರಿಸುವ ಮೆಥರ್ಜಿನ್ ಮುಟ್ಟುವಂತಿಲ್ಲ. ಉಳಿದದ್ದು ಕಾರ್ಬೊಪ್ರಾಸ್ಟ್, ಅದು ಫ್ರಿಜ್ಜಿನಲ್ಲಿರಬೇಕಾದ ಔಷಧಿ. ಫ್ರಿಜ್ಜು ಕೆಟ್ಟು ವಾರವಾಗಿತ್ತು, ಆಂಪ್ಯೂಲುಗಳನ್ನು ಮಹಡಿ ಮೇಲಿನ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇಟ್ಟಿದ್ದರು. ಇಂಟರ್ನ್ ಹುಡುಗ ಮೆಟ್ಟಿಲು ಹತ್ತಿ ಓಡಿದ.

ಅಷ್ಟರಲ್ಲಿ ಥರ್ಡ್ ಇಯರ್ ಮ್ಯಾಮ್ ಫೋಲೀಸ್ ಕ್ಯಾತಿಟರ್ (ಮೂತ್ರದ ನಳಿಕೆ) ತುದಿಗೆ ನಿರೋಧ್ ಸಿಕ್ಕಿಸಿ, ರೇಷ್ಮೆ ದಾರದಲ್ಲಿ ಬಿಗಿದು, ಗರ್ಭಚೀಲದ ಒಳಗಿಟ್ಟು ಸಲೈನ್ ಬಿಡತೊಡಗಿದ್ದರು. 300 ಎಂ.ಎಲ್. ದಾಟುವ ಹೊತ್ತಿಗೆ ರಕ್ತ ಹನಿಹನಿಯಾಯಿತು. ಢಾಕಾದಲ್ಲಿ ಡಾ. ಸಯೇಬಾ ಅಖ್ತರ್ ಅನ್ನುವವರು ಶುರುಮಾಡಿದ ಉಪಾಯ ಇದು. ಒಳಗಿಂದ ಒತ್ತಿ ರಕ್ತ ನಿಲ್ಲಿಸುವ ದುಬಾರಿ ಬಲೂನು ಇಲ್ಲದ ಕಡೆ ಕುಟುಂಬ ಕಲ್ಯಾಣದ ಡಬ್ಬಿಯಲ್ಲಿ ಪುಕ್ಕಟೆ ಸಿಗುವ ವಸ್ತುವಿನಿಂದ ಜೀವ ಉಳಿಸುವುದು. ಅಸಿಸ್ಟೆಂಟ್ ಪ್ರೊಫೆಸರ್ ಸ್ಕೂಟರಿನಲ್ಲಿ ಬಂದು ತಲುಪಿದಾಗ ಇಪ್ಪತ್ತು ನಿಮಿಷ ಆಗಿತ್ತು. ಅವರು ಗ್ಲೌಸ್ ಹಾಕಿ ಎಲ್ಲಾ ಮತ್ತೊಮ್ಮೆ ನೋಡಿ, ನನ್ನ ಕಡೆ ತಿರುಗಿ "ಎಷ್ಟು ಹೋಗಿರಬಹುದು ಅಂದಾಜು ಹೇಳು" ಅಂದರು. ನಾನು ಎಂಟುನೂರು ಎಂ.ಎಲ್. ಅಂದೆ. ನೆನೆದ ಬಟ್ಟೆಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿಸಿದರು. ಲೀಟರೂವರೆ ದಾಟಿತ್ತು. ಕಣ್ಣಳತೆ ಯಾವಾಗಲೂ ಕಡಿಮೆಯೇ ಹೇಳುತ್ತದೆ ಅನ್ನುವುದು ಪುಸ್ತಕದಲ್ಲೂ ಇದೆ. ನನಗೆ ಗೊತ್ತಾದದ್ದು ಆ ತಕ್ಕಡಿಯಲ್ಲಿ.

2022ರ ಕೊನೆಗೆ ಕಡ್ಡಾಯ ಸೇವೆಗೆ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಇಂಥದ್ದೇ ಕೇಸು ಬಂತು. ಮ್ಯಾಮ್ ಇಲ್ಲ, ಸ್ಕೂಟರ್ ಇಲ್ಲ, ಬ್ಲಡ್ ಬ್ಯಾಂಕು 60 ಕಿ.ಮೀ. ಆಚೆ. ನನ್ನ ಕೈ ತಾನಾಗಿ ದಾರ ಸುತ್ತಿತು. ಪಿಜಿ ಹೆಂಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ಆ ದಾರವೇ ನೆನಪಾಗುತ್ತದೆ.

ಇನ್ನು ಬೈಗುಳದ ಭಾಗ. ಡ್ಯೂಟಿಗೆ ಗಡಿಯಾರ ಅನ್ನುವುದೇ ಇರಲಿಲ್ಲ. ಒಂದೇಟಿಗೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಅನ್ನುವುದು ಪಿಜಿ ವೈದ್ಯರಿಗಾಗಿ ಕೇಂದ್ರ ಮಾಡಿದ 1992ರ ರೆಸಿಡೆನ್ಸಿ ಯೋಜನೆಯಲ್ಲೇ ಇದೆ. ನಮ್ಮ ಅಡ್ಮಿಷನ್ ಡೇ (ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ) ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮರುದಿನ ಸಂಜೆಯ ರೌಂಡ್ಸಿಗೆ ಮುಗಿಯುತ್ತಿತ್ತು. 2021 ಅಂತೂ ನರಕ. ಕೋವಿಡ್‌ನಿಂದ ನೀಟ್ ಪಿಜಿ ಸೆಪ್ಟೆಂಬರ್‌ಗೆ ಹೋಯಿತು, ಆಮೇಲೆ ಕೌನ್ಸೆಲಿಂಗ್ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಮೇನಲ್ಲಿ ಬರಬೇಕಿದ್ದ ಫಸ್ಟ್ ಇಯರ್‌ಗಳು ಮುಖ ತೋರಿಸಿದ್ದು 2022ರಲ್ಲಿ. ಥರ್ಡ್ ಇಯರ್ ಆಗಿದ್ದರೂ ರಕ್ತದ ಬಾಟಲಿ ಹಿಡಿದು ಓಡುವ ಕೆಲಸ ನಮ್ಮದೇ. ಬೇರೆ ವಿಭಾಗದವರಿಗೆ ಓಟಿ ಬಂದ್ ಆಗಿತ್ತು. ಹೆರಿಗೆಗೆ ಲಾಕ್‌ಡೌನ್ ಎಲ್ಲಿಯದು?

ಸ್ಟೈಪೆಂಡು 2020ರಲ್ಲಿ ಏರಿತು, ಫಸ್ಟ್ ಇಯರ್‌ಗೆ 30,000 ಇದ್ದದ್ದು 45,000 ಆಯಿತು. ಏರಿದ್ದು ಪೇಪರಿನಲ್ಲಿ ತಕ್ಷಣ ಬಂತು, ಬ್ಯಾಂಕಿಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಒಮ್ಮೆ ನಾಲ್ಕು ತಿಂಗಳದು ಒಟ್ಟಿಗೆ ಬಂದಾಗ ಮೆಸ್ಸಿನ ಭಟ್ಟರ ಸಾಲ ತೀರಿಸಿ ಉಳಿದದ್ದನ್ನು ಅಪ್ಪನಿಗೆ ಕಳಿಸಿದೆ.

ಪಾಠ? ವಾರಕ್ಕೊಂದು ಸೆಮಿನಾರು ವೇಳಾಪಟ್ಟಿಯಲ್ಲಿತ್ತು. ನಡೆದದ್ದು ಅರ್ಧ. ಅದೂ ನಾವೇ ಸ್ಲೈಡ್ ಓದುವುದು, ಸರ್ ಫೋನ್ ನೋಡುವುದು. ಥೀಸಿಸ್ ನನ್ನದು ಗರ್ಭಿಣಿಯರ ತೀವ್ರ ರಕ್ತಹೀನತೆ ಮೇಲೆ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದವರು ನಮ್ಮ ವಾರ್ಡಿನಲ್ಲಿ ಹುಡುಕದೆಯೇ ಸಿಗುತ್ತಿದ್ದರು. ಚೆನ್ನಾಗಿ ಮಾಡಬಹುದಾಗಿದ್ದ ಕೆಲಸ. ಗೈಡ್ ಅದನ್ನು ಓದಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ, ಸಹಿ ಮಾತ್ರ ಅಂದವಾಗಿದೆ. ಲ್ಯಾಪ್ರೊಸ್ಕೋಪಿಯಲ್ಲಿ ಕ್ಯಾಮೆರಾ ಹಿಡಿದದ್ದೇ ಹೆಚ್ಚು. ಅದು ಬೇಕು ಅನ್ನುವವರು ಮುಗಿಸಿದ ಮೇಲೆ ಬೇರೆಲ್ಲಾದರೂ ಫೆಲೋಶಿಪ್ ಮಾಡಲೇಬೇಕು. ಸಿಸೇರಿಯನ್, ಹೊಟ್ಟೆ ತೆರೆದು ಗರ್ಭಚೀಲ ತೆಗೆಯುವ ಹಿಸ್ಟೆರೆಕ್ಟಮಿ, ಜಾರಿದ ಗರ್ಭಚೀಲದ ಆಪರೇಷನ್ ಇವುಗಳಲ್ಲಿ ಮಾತ್ರ ನನ್ನ ಖಾಸಗಿ ಕಾಲೇಜಿನ ಗೆಳತಿಯರು ಆಪರೇಷನ್‌ಗಳ ಲೆಕ್ಕ ಇರುವ ನನ್ನ ಲಾಗ್‌ಬುಕ್ ನೋಡಿ ಸುಮ್ಮನಾದರು.

ಇನ್‌ಸ್ಪೆಕ್ಷನ್ ದಿನದ ಬಗ್ಗೆ ಒಂದೇ ಮಾತು: ಅವತ್ತು ಮಾತ್ರ ನೋಡಿದ ಪ್ರೊಫೆಸರ್‌ಗಳು ಇದ್ದರು, ಊಟ ಮಾಡಿ ಹೋದರು.

ನನ್ನ ನಂತರದ ಬ್ಯಾಚಿನವರಿಗೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ (ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ) ಬಂದಿದೆ. 2023ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದಲ್ಲಿ ಕೆಲಸ ಅವಕಾಶ ಕೊಟ್ಟರೆ ವಾರಕ್ಕೊಂದು ರಜೆಯೂ ಇದೆ. ಕೆಲಸ ಅವಕಾಶ ಕೊಡುತ್ತದಾ ಅಂತ ಜೂನಿಯರ್‌ಗಳನ್ನು ಕೇಳಿದರೆ ನಗುತ್ತಾರೆ.

ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜುಗಳ ಲಿಸ್ಟ್ ಹಾಕುವುದಕ್ಕೆ) ಮುಂಚೆ ಕಾಲೇಜು ನೋಡಲು ಹೋಗುವವರು ಹಗಲಲ್ಲಿ ಹೋಗಬೇಡಿ. ಹಗಲಲ್ಲಿ ಎಲ್ಲಾ ಕಾಲೇಜೂ ಒಂದೇ ಥರ, ಬೋರ್ಡು, ತೋಟ, ಕಾರಿಡಾರು. ರಾತ್ರಿ ಹನ್ನೊಂದರ ಮೇಲೆ ಲೇಬರ್ ರೂಮಿನ ಹೊರಗೆ ಕೂತು ಯಾರಾದರೂ ಪಿಜಿಯನ್ನು ಮಾತಾಡಿಸಿ. ಒಳಗೆ ಪಿಜಿ ಮುಗಿಸಿದ ಸೀನಿಯರ್ ರೆಸಿಡೆಂಟ್ ಇದ್ದಾರಾ, ಫೋನ್ ಮಾಡಿದರೆ ಅಸಿಸ್ಟೆಂಟ್ ಪ್ರೊಫೆಸರ್ ಬರುತ್ತಾರಾ, ಅವರ ಮನೆ ಅದೇ ಊರಲ್ಲಿದೆಯಾ ಅಥವಾ ವಾರದ ಕೊನೆಗೆ ಬೆಂಗಳೂರಾ ಅಂತ ಕೇಳಿ. ನಮ್ಮಲ್ಲಿ ನಾಲ್ಕು ಯೂನಿಟ್ (ವೈದ್ಯರ ತಂಡ) ಇದ್ದವು. ಎರಡರಲ್ಲಿ ಬರುತ್ತಿದ್ದರು. ನನ್ನ ಯೂನಿಟ್ ಆ ಎರಡರಲ್ಲಿ ಒಂದು, ಅದು ನನ್ನ ಆಯ್ಕೆ ಅಲ್ಲ, ಚೀಟಿ ಎತ್ತಿದ್ದು.

ಮೊನ್ನೆ ಚಿಕ್ಕಪ್ಪನ ಮಗಳು ಲಿಸ್ಟ್ ಹಾಕುವಾಗ ಈ ಕಾಲೇಜನ್ನು ಮೂರನೆಯದಾಗಿ ಇಡು ಅಂದೆ. ಹೆರಿಗೆ ವಿಭಾಗ ಆದರೆ ಒಂದನೆಯದು, ರೇಡಿಯಾಲಜಿ ಆದರೆ ಲಿಸ್ಟಿನಲ್ಲೇ ಬೇಡ. ಹಾಸ್ಟೆಲ್ಲಿಗೆ ಹೋಗುವುದಾದರೆ ದೊಡ್ಡ ಬಕೆಟ್ ಎರಡು ತಗೊಂಡು ಹೋಗು, ನೀರು ಬೆಳಿಗ್ಗೆ ಐದರಿಂದ ಆರೂವರೆ ಮಾತ್ರ.