ಹಸುಗಳ ಜೊತೆ ಕುದುರೆ: ಮೂರು ಮಳೆಗಾಲ, ಮೂರು ಬಗೆ

ಕುಣಿಗಲ್ ಕಡೆ ನಮಗೆ ಎರಡೆಕರೆ ಹುಲ್ಲುಬೀಳು ಇದೆ. ಎರಡು ಹಳ್ಳಿಕಾರ್ ಹಸು, ಒಂದು ಕರು, ಜೊತೆಗೆ ರೇಸ್ ಬಿಟ್ಟ ಒಂದು ಹೆಣ್ಣು ಕುದುರೆ. ಇವನ್ನು ಬೇರೆ ಬೇರೆ ಮೇಯಿಸಬೇಕಾ, ಒಟ್ಟಿಗೆ ಬಿಡಬೇಕಾ, ಸರದಿ ಮೇಲೆ ಬಿಡಬೇಕಾ ಅಂತ ಗೊತ್ತಾಗದೆ ಮೂರನ್ನೂ ಒಂದೊಂದು ಮಳೆಗಾಲ ಮಾಡಿ ನೋಡಿದೆ.

ಮೊದಲ ವರ್ಷ ನಡುವೆ ಬೇಲಿ ಹಾಕಿದೆ. ಹಸುಗಳ ಕಡೆ ತೊಂದರೆ ಇರಲಿಲ್ಲ. ಕುದುರೆಯ ಕಡೆ ಮಾತ್ರ ಅರ್ಧ ನೆಲ ಬೋಳು, ಇನ್ನರ್ಧ ಮೊಣಕಾಲೆತ್ತರ ಹುಲ್ಲು. ಲದ್ದಿ ಹಾಕಿದ ಜಾಗದಲ್ಲಿ ಕುದುರೆ ಮೇಯುವುದೇ ಇಲ್ಲ. ಬೋಳಾದ ಕಡೆಯನ್ನೇ ಮತ್ತೆ ಮತ್ತೆ ಕೆರೆಯುತ್ತದೆ. ಲದ್ದಿ ಪರೀಕ್ಷೆ ಮಾಡಿಸಿದರೆ ಹುಳುವಿನ ಮೊಟ್ಟೆ ಜಾಸ್ತಿ. ಇಡೀ ದಿನ ಬೇಲಿ ಪಕ್ಕ ನಿಂತು ಹಸುಗಳನ್ನೇ ನೋಡುತ್ತಿತ್ತು, ಪಾಪ.

ಎರಡನೇ ವರ್ಷ ಬೇಲಿ ತೆಗೆದೆ. ಲದ್ದಿ ಸುತ್ತಲಿನ ಹುಲ್ಲನ್ನು ಹಸುಗಳು ಆರಾಮಾಗಿ ಮೇದವು. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ, ಹಾಗಾಗಿ ನೆಲವೂ ಚೊಕ್ಕವಾಯಿತು. ಆದರೆ ಹುಲ್ಲು ಕಡಿಮೆಯಾದಾಗ ಹಸುಗಳಿಗೆ ಅನ್ಯಾಯವಾಗುತ್ತದೆ. ಹಸುವಿಗೆ ಮೇಲಿನ ಮುಂಹಲ್ಲಿಲ್ಲ, ನಾಲಿಗೆಯಲ್ಲಿ ಸುತ್ತಿ ಎಳೆದುಕೊಳ್ಳಬೇಕು. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ, ಬುಡದವರೆಗೆ ಕತ್ತರಿಸುತ್ತದೆ. ಹಸು ಮಲಗಿ ಮೆಲುಕು ಹಾಕುವಾಗಲೂ ಇದು ಮೇಯುತ್ತಲೇ ಇರುತ್ತದೆ. ದಿನಕ್ಕೆ 14-16 ಗಂಟೆ ಮೇಯುವ ಪ್ರಾಣಿ ಅದು. ಇದರ ಮೇಲೆ ಕರುವನ್ನು ಅಟ್ಟಿಸಿಕೊಂಡು ಹೋಗುವುದು ಬೇರೆ. ಹಳ್ಳಿಕಾರ್ ಕೊಂಬಿನ ಚೂಪು ನೋಡಿದವರಿಗೆ ನನ್ನ ಭಯ ಅರ್ಥವಾಗುತ್ತದೆ, ಅಲ್ವಾ?

ಮೂರನೇ ವರ್ಷದ ಸರದಿಯೇ ನನಗೆ ಒಪ್ಪಿಗೆಯಾದದ್ದು. ಬೀಳನ್ನು ನಾಲ್ಕು ಭಾಗ ಮಾಡಿದೆ. ಮುಳ್ಳುತಂತಿ ಕುದುರೆಯ ಚರ್ಮ ಸೀಳುತ್ತದೆ, ಅದಕ್ಕೇ ಸೋಲಾರ್ ಬೇಲಿ. ಎತ್ತರದ ಹುಲ್ಲಿಗೆ ಮೊದಲು ಹಸು, ಹಿಂದೆಯೇ ಕುದುರೆ. ಹುಲ್ಲು ನಾಲ್ಕು ಬೆರಳಿಗೆ ಇಳಿದರೆ ಕುದುರೆಯನ್ನೂ ತೆಗೆದು ನೆಲಕ್ಕೆ ವಿಶ್ರಾಂತಿ. ವಾರವಾರ ಬೇಲಿ ಬದಲಿಸುವ ಕೆಲಸ ಇದೆ, ನಿಜ. ಗರಿಕೆ ಹೇಗೆ ಚಿಗುರಿದೆ ಅಂತ ನೋಡಿದರೆ ದಣಿವು ಅನಿಸುವುದಿಲ್ಲ.

ಕೊಟ್ಟಿಗೆಯಲ್ಲಿ ಮೇವು ಹಾಕುವ ಗೊಂತು ಮಾತ್ರ ಮೂರು ವರ್ಷವೂ ಬೇರೆ ಬೇರೆ. ಒಂದು ಸಂಜೆ ಕೊಟ್ಟಿಗೆಯ ಅಗುಳಿ ಹಾಕಲು ಮರೆತೆ. ಬಂದು ನೋಡಿದರೆ ಕುದುರೆ ಹಸುವಿನ ಫೀಡ್ ಬಕೆಟ್‌ಗೆ ಮುಖ ಹಾಕಿತ್ತು. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, "ಚೀಲದ ಮೇಲೆ ಮೊನೆನ್ಸಿನ್ ಅಂತ ಬರೆದಿದೆಯಾ ನೋಡಿ." ಕೆಲವು ದನದ ಫೀಡ್‌ಗಳಲ್ಲಿ ಈ ಔಷಧ ಸೇರಿಸುತ್ತಾರೆ. ಹಸುವಿಗೆ ಒಗ್ಗುತ್ತದೆ, ಕುದುರೆಗೆ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಕೆಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ನಮ್ಮ ಚೀಲದಲ್ಲಿ ಅದು ಇರಲಿಲ್ಲ. ಆದರೂ ಆ ರಾತ್ರಿ ಹೊಟ್ಟೆನೋವು ಬಂದೀತೆಂದು ನಾನೂ ಅಮ್ಮನೂ ಅದರ ಪಕ್ಕದಲ್ಲೇ ಕೂತಿದ್ದೆವು.

ನೇಪಿಯರ್ ಹುಲ್ಲಿನಲ್ಲೂ ಹುಷಾರಾಗಿರಬೇಕು. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆ ತಿಂಗಳುಗಟ್ಟಲೆ ಈ ಹುಲ್ಲನ್ನೇ ತಿಂದರೆ ಕ್ಯಾಲ್ಸಿಯಂ ಸಿಗದೆ ಮುಖದ ಮೂಳೆ ಊದಿಕೊಳ್ಳುತ್ತದೆ. ಈಗ ನೇಪಿಯರ್ ಎಲ್ಲ ಹಸುಗಳಿಗೆ. ಕುದುರೆಗೆ ಗರಿಕೆ, ಬೂಷ್ಟು ಹಿಡಿಯದ ರಾಗಿ ಹುಲ್ಲು, ಸಂಜೆಗೆ ಬೇಯಿಸಿದ ಹುರುಳಿ ಸ್ವಲ್ಪ. ಅಗುಳಿಯ ಜೊತೆಗೆ ಈಗ ಒಂದು ಚಿಲಕವನ್ನೂ ಹಾಕಿಸಿದ್ದೇನೆ.