ಮೊಣಕೈ ನೋವಿಗೆ ಡೈಕ್ಲೋಫೆನ್ಯಾಕ್ ಜೆಲ್: ಕೊಟ್ಟ ಹಣಕ್ಕೆ ಸಿಗುವುದೇನು?

ತುಂಬಿದ ಬಿಂದಿಗೆಯನ್ನು ಎತ್ತುವಾಗ, ಒದ್ದೆ ಸೀರೆಯನ್ನು ಹಿಂಡುವಾಗ ಮೊಣಕೈಯ ಹೊರಬದಿಯಲ್ಲಿ ಚಳಕ್ಕೆಂದು ಹುಟ್ಟಿ ಮುಂಗೈಯವರೆಗೆ ಇಳಿಯುವ ನೋವಿಗೆ ವೈದ್ಯರು ಟೆನಿಸ್ ಎಲ್ಬೋ ಎನ್ನುತ್ತಾರೆ. ರಾಕೆಟ್ಟನ್ನು ಎಂದೂ ಮುಟ್ಟದವರಿಗೂ ಇದು ಧಾರಾಳವಾಗಿ ಬರುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುವನ್ನು ಮೊಣಕೈ ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುವಿನ ತೊಂದರೆ ಇದು. ನನ್ನ ಬಲಗೈಗೆ ಇದು ಬಂದಾಗ ಮೂಳೆ ವೈದ್ಯರು ಬರೆದುಕೊಟ್ಟದ್ದು ಡೈಕ್ಲೋಫೆನ್ಯಾಕ್ ಡೈಈಥೈಲಮೀನ್ ಎಂಬ ನೋವುನಿವಾರಕವಿರುವ ಶೇ. 1.16ರ ಜೆಲ್. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ.

ಬೆಳ್ಳಗಿನ, ಜಿಡ್ಡಿಲ್ಲದ ಈ ಜೆಲ್ ಮೃದುವಾಗಿ ಸವರಿದರೆ ಬೇಗನೆ ಚರ್ಮದೊಳಗೆ ಇಂಗುತ್ತದೆ, ಬಟ್ಟೆಗೆ ಅಂಟುವುದಿಲ್ಲ. ಮೊಣಕೈಯಲ್ಲಿ ಸ್ನಾಯುರಜ್ಜು ಚರ್ಮಕ್ಕೆ ತೀರಾ ಹತ್ತಿರವಿರುವುದರಿಂದ ಔಷಧಿ ಅಲ್ಲಿಗೆ ತಲುಪುವುದು ಸುಲಭ. ಭುಜದ ಆಳದಲ್ಲಿರುವ ನೋವಿಗೆ ಇದರಿಂದ ಅಷ್ಟೇ ಫಲವನ್ನು ನಿರೀಕ್ಷಿಸಲಾಗದು. ಒಂದು ಸಲಕ್ಕೆ 2ರಿಂದ 4 ಗ್ರಾಂನಂತೆ ದಿನಕ್ಕೆ 3–4 ಬಾರಿ ಎಂಬುದು ಸಾಮಾನ್ಯ ಪ್ರಮಾಣ. ಮೊಣಕೈಗೆ ಅದರಲ್ಲಿ ಕಡಿಮೆ ಪ್ರಮಾಣವೇ ಸಾಕಾದರೂ, ರಾತ್ರಿ ಮಲಗುವಾಗ ಒಮ್ಮೆ ಬೆರಳ ತುದಿಯಷ್ಟು ಹಚ್ಚಿ ಏನೂ ಗುಣ ಕಾಣಲಿಲ್ಲ ಎನ್ನುವುದು ಔಷಧಿಗೆ ಮಾಡುವ ಅನ್ಯಾಯ.

ಕೊಳ್ಳುವಾಗ ಟ್ಯೂಬಿನ ಹಿಂಭಾಗವನ್ನು ಓದಬೇಕು. ವೊಲಿನಿಯಂತಹ ಜೆಲ್‌ಗಳಲ್ಲಿ ಡೈಕ್ಲೋಫೆನ್ಯಾಕ್ ಜೊತೆಗೆ ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಇರುತ್ತವೆ. ಹಚ್ಚಿದ ಕೂಡಲೇ ಚುರುಗುಟ್ಟಿ ತಂಪಾಗುವುದು ಇವುಗಳಿಂದಲೇ ಹೊರತು ಡೈಕ್ಲೋಫೆನ್ಯಾಕಿನಿಂದಲ್ಲ. ಆ ತಂಪು ಹಿತವೆನಿಸಿದರೆ ತಪ್ಪೇನಿಲ್ಲ, ಆದರೆ ತಂಪಾಗದ ಜೆಲ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬಾರದು. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಿಯ ಜೆಲ್ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್‌ಗಳೆಂಬ ರಾಸಾಯನಿಕಗಳು ದೇಹದಲ್ಲಿ ತಯಾರಾಗುವುದನ್ನು ತಡೆಯುವುದು ಡೈಕ್ಲೋಫೆನ್ಯಾಕ್, ಆಸ್ಪಿರಿನ್‌ನಂತಹ ನೋವುನಿವಾರಕಗಳ ಗುಂಪಿನ ಕೆಲಸ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿಕೊಟ್ಟ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂದಿತು. ಹೊಸ ನೋವಿಗೆ ಈ ತಡೆ ಚೆನ್ನಾಗಿ ಒದಗುತ್ತದೆ. ಆದರೆ ತಿಂಗಳುಗಟ್ಟಲೆ ಉಳಿದುಬಿಟ್ಟ ಟೆನಿಸ್ ಎಲ್ಬೋದ ಸ್ನಾಯುರಜ್ಜುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತದ ಕಣಗಳು ಕಾಣುವುದು ಅಪರೂಪ, ಒಪ್ಪವಾಗಿ ಸಾಲುಗೂಡಿರಬೇಕಾದ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸಿಕ್ಕಾದ ನೂಲಿನಂತೆ ಕೆದರಿಕೊಂಡಿರುತ್ತವೆ ಎಂಬುದು 1979ರಲ್ಲಿ ಮೂಳೆ ಶಸ್ತ್ರವೈದ್ಯರಾದ ನಿರ್ಶ್ಲ್ ಮತ್ತು ಪೆಟ್ರೋನ್ ಪ್ರಕಟಿಸಿದ ಬರಹದ ಕಾಲದಿಂದಲೂ ವೈದ್ಯರಿಗೆ ತಿಳಿದಿರುವ ಸಂಗತಿ. ಆ ಎಳೆಗಳನ್ನು ಯಾವ ಜೆಲ್ಲೂ ಸರಿಪಡಿಸಲಾರದು. ಅವನ್ನು ಮತ್ತೆ ಗಟ್ಟಿಗೊಳಿಸುವುದು ಹಂತಹಂತವಾಗಿ ಹೆಚ್ಚಿಸುವ ಭಾರ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದಾಚೆ ಬರುವಂತೆ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಹಿಡಿದು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ಆಮೇಲೆ ನೋಯುವ ಕೈಯೊಂದರಿಂದಲೇ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ನನಗೆ ಹೇಳಿಕೊಟ್ಟರು. ಅದನ್ನು ಮಾಡಲು ಬಿಡದಷ್ಟು ನೋವಿದ್ದಾಗ ಜೆಲ್ ದಾರಿ ಮಾಡಿಕೊಟ್ಟಿತು. ನನ್ನ ಲೆಕ್ಕದಲ್ಲಿ ಅದರ ಬೆಲೆ ಇರುವುದು ಇಲ್ಲಿಯೇ.

ಮೆಡಿಕಲ್ ಶಾಪಿನಲ್ಲಿ ಕೈನೋವು ಎಂದೊಡನೆ ಅಸೆಕ್ಲೋಫೆನ್ಯಾಕ್–ಪ್ಯಾರಸಿಟಮಾಲ್ ಮಾತ್ರೆಯ ಪಟ್ಟಿಯನ್ನು ಚೀಟಿಯಿಲ್ಲದೆಯೇ ಕತ್ತರಿಸಿಕೊಡುವ ರೂಢಿ ನನಗೆ ನಿಜಕ್ಕೂ ಆತಂಕ ಹುಟ್ಟಿಸುತ್ತದೆ. ಅಸೆಕ್ಲೋಫೆನ್ಯಾಕ್ ಕೂಡ ಡೈಕ್ಲೋಫೆನ್ಯಾಕಿನ ಗುಂಪಿನದೇ; ಈ ಗುಂಪಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲವು. ಡೈಕ್ಲೋಫೆನ್ಯಾಕ್ ಮಾತ್ರೆಯ ಹೃದಯಸಂಬಂಧಿ ಅಪಾಯದ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಎಚ್ಚರಿಕೆ ನೀಡಿದೆ. ಜೆಲ್‌ನಿಂದ ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದರೆ ಸುಮಾರು ಶೇ. 6ರಷ್ಟು ಮಾತ್ರ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಅದ್ಭುತವಾಗಿ ನೋವು ತಗ್ಗಿಸಿದರೂ, ವರ್ಷದ ಕೊನೆಗೆ ಅದನ್ನು ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಹಿಂದುಳಿದದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಾಗೆಂದು ಜೆಲ್ಲನ್ನು ಎಲ್ಲರೂ ಹಚ್ಚಿಕೊಳ್ಳುವಂತಿಲ್ಲ. ಆಸ್ಪಿರಿನ್ ಅಥವಾ ಇಂತಹ ಮಾತ್ರೆಗಳಿಂದ ಉಬ್ಬಸ ಬರುವವರು, ತುಂಬು ಗರ್ಭಿಣಿಯರು ಇದನ್ನು ಬಳಸಬಾರದು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ಗಾಯವಾದ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಜಾಗಕ್ಕೆ ಬಿಸಿಲು ತಾಗಿಸಬಾರದು, ಕಣ್ಣು ಮುಟ್ಟುವ ಮೊದಲು ಕೈ ತೊಳೆಯಬೇಕು. ಎರಡು ವಾರ ಸರಿಯಾಗಿ ಹಚ್ಚಿದರೂ ನೋವು ಇಳಿಯದಿದ್ದರೆ ಇನ್ನೊಂದು ಟ್ಯೂಬ್ ಕೊಳ್ಳುವ ಬದಲು ಆ ಹಣವನ್ನು ಫಿಸಿಯೋಥೆರಪಿಗೆ ಕೊಡುವುದು ಲೇಸು.