ಪೇಪರಿಗೆ ಕೊಟ್ಟ ಲೇಖನ ಮತ್ತೆ ನಮ್ಮ ತಾಣಕ್ಕೆ: ಯಾವ ದಾರಿ ವಾಸಿ?

ಪತ್ರಿಕೆಗೋ ಬೇರೆಯವರ ಜಾಲತಾಣಕ್ಕೋ ಬರೆದುಕೊಟ್ಟ ಲೇಖನ ನಮ್ಮ ಸ್ವಂತ ತಾಣದಲ್ಲೂ ಇರಲಿ ಅನ್ನಿಸುವುದು ಸಹಜ. ಪೇಪರು ನಾಳೆ ರದ್ದಿಗೆ ಹೋಗುತ್ತದೆ. ಬರೆದವರ ಹತ್ತಿರ ಒಂದು ಪ್ರತಿ ಉಳಿಯಬೇಕಲ್ವಾ? ಇದಕ್ಕೆ ನಾಲ್ಕು ದಾರಿ ಇವೆ. ಪುಟದ ಫೋಟೊ ಹಾಕಬಹುದು. ಮೊದಲ ಪ್ಯಾರಾ ಕೊಟ್ಟು 'ಪೂರ್ತಿ ಇಲ್ಲಿ ಓದಿ' ಅಂತ ಲಿಂಕ್ ಕೊಡಬಹುದು. ಪೂರ್ತಿ ಲೇಖನವನ್ನೇ ಹಾಕಬಹುದು. ಇಲ್ಲವೇ ಅದೇ ವಿಷಯವನ್ನು ಹೊಸದಾಗಿ ಬರೆಯಬಹುದು. ನಾನು ಬರೆಯುವುದು ಅಡಿಕೆ, ಕಾಳುಮೆಣಸು, ತೋಟದ ನೀರು ಇಂಥವುಗಳ ಬಗ್ಗೆ. ನಾಲ್ಕನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಮೂರನೆಯದಕ್ಕೆ, ಒಂದೆರಡು ಷರತ್ತಿನ ಮೇಲೆ.

ಫೋಟೊದ ವಿಷಯ ಬೇಗ ಮುಗಿಸುತ್ತೇನೆ. ಮನೆಯವರ ವಾಟ್ಸಾಪ್ ಗುಂಪಿಗೆ ಅದು ಸಾಕು. ಹೆಸರು, ಪೇಪರಿನ ತಲೆಬರಹ ಎರಡೂ ಕಾಣುತ್ತವೆ, ಅತ್ತಿಗೆ ಒಂದು ಹಾರ್ಟ್ ಹಾಕುತ್ತಾರೆ. ಓದಲು ಮಾತ್ರ ಕಷ್ಟ. ಐದು ಕಾಲಮ್ಮಿನ ಪುಟವನ್ನು ಫೋನಿನಲ್ಲಿ ಹಿಗ್ಗಿಸಿ, ಎಳೆದು, ಮತ್ತೆ ಮೇಲೆ ಹೋಗಿ ಓದುವಷ್ಟು ತಾಳ್ಮೆ ಯಾರಿಗಿದೆ? 'ಕೊಳೆ ರೋಗ' ಅಂತ ಯಾರಾದರೂ ಹುಡುಕಿದರೆ ಆ ಪುಟ ಸಿಗುವುದೂ ಕಷ್ಟ, ಏಕೆಂದರೆ ಅಲ್ಲಿರುವುದು ಬರೀ ಚಿತ್ರ. ಕಣ್ಣು ಕಾಣದವರ ಫೋನು ಓದಿ ಹೇಳುವುದಕ್ಕೂ ಅಲ್ಲಿ ಅಕ್ಷರ ಇಲ್ಲ. ಇನ್ನೊಂದು ಮಾತು: ಪುಟದಲ್ಲಿ ಇರುವುದೆಲ್ಲ ನಮ್ಮದಲ್ಲ. ಪಕ್ಕದ ಲೇಖನ ಇನ್ಯಾರದೋ, ರೇಖಾಚಿತ್ರ ಕಲಾವಿದರದು.

ಲಿಂಕ್ ಕೊಡುವ ದಾರಿ ಬಹಳ ಮರ್ಯಾದೆಯದು. ಸಂಪಾದಕರಿಗೆ ಖುಷಿ, ಅವರ ತಾಣಕ್ಕೆ ಓದುಗರು ಹೋಗುತ್ತಾರೆ. ಅನುಮತಿ ಕೇಳುವ ತಲೆನೋವೂ ಇಲ್ಲ. ಲೇಖನ ಬಂದ ಹೊಸತರಲ್ಲಿ ನಾನು ಈಗಲೂ ಮೊದಲು ಮಾಡುವುದು ಇದನ್ನೇ. ಆದರೆ ಇದು ಬಾಳಿಕೆ ಬರುವುದಿಲ್ಲ. ನಾನು ಬರೆಯುತ್ತಿದ್ದ ಒಂದು ತಾಣ ಹೊಸ ವಿನ್ಯಾಸಕ್ಕೆ ಹೋಯಿತು. ಹಳೆಯ ವಿಳಾಸಗಳೆಲ್ಲ ಒಂದೇ ಏಟಿಗೆ ಸತ್ತವು. ಆಮೇಲೆ ತಾಣವೇ ಮುಚ್ಚಿತು. ನನ್ನ ಕಡೆ ಉಳಿದದ್ದು ಮೊದಲ ಪ್ಯಾರಾ, ಅದರ ಕೆಳಗೆ ಎಲ್ಲಿಗೂ ಹೋಗದ 'ಪೂರ್ತಿ ಇಲ್ಲಿ ಓದಿ'. ಕೆಲವು ಇ-ಪೇಪರ್‌ಗಳಲ್ಲಿ ಹಳೆಯ ಸಂಚಿಕೆ ತೆರೆಯಲು ಲಾಗಿನ್ ಬೇಕು, ಚಂದಾ ಬೇಕು. ಅಂಥ ಲಿಂಕ್ ಇದ್ದೂ ಇಲ್ಲದ ಹಾಗೆ. ಈ ದಾರಿಯಲ್ಲೇ ಇರುತ್ತೇನೆ ಅನ್ನುವವರಿಗೆ ಒಂದು ಕಿವಿಮಾತು: ಲೇಖನ ಬಂದ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟವನ್ನು ಉಳಿಸಿಡಿ. ನನ್ನ ಕೆಲವು ಲೇಖನಗಳು ಕೊನೆಗೆ ಸಿಕ್ಕಿದ್ದು ಅಲ್ಲೇ.

ಪೂರ್ತಿ ಲೇಖನ ಹಾಕುವುದಕ್ಕೆ ಜನ ಹೆದರುವುದು ಎರಡು ಕಾರಣಕ್ಕೆ: ಕಾನೂನು ಮತ್ತು ಗೂಗಲ್.

ಕಾನೂನು ಬರಹಗಾರರ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರಹದ ಮೊದಲ ಒಡೆಯರು ಬರೆದವರೇ. ಪತ್ರಿಕೆಯಲ್ಲಿ ನೌಕರಿಯಲ್ಲಿದ್ದು ಬರೆದರೆ ಲೆಕ್ಕ ಬೇರೆ. ಆಗ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ನಮ್ಮಂಥ ಹೊರಗಿನವರು ಹಕ್ಕನ್ನು ಬಿಟ್ಟುಕೊಟ್ಟರು ಅನ್ನಬೇಕಾದರೆ 19ನೇ ಸೆಕ್ಷನ್ ಪ್ರಕಾರ ಅದು ಬರಹದಲ್ಲಿರಬೇಕು, ನಮ್ಮ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತಲೇ ಅರ್ಥ. ಗೌರವಧನದ ಚೆಕ್ ತಗೊಂಡ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. (ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ ಇದು ಅನ್ವಯಿಸುವುದಿಲ್ಲ. ಬೇರೆ ಮಾತಾಗದಿದ್ದರೆ ಅದು ತೆಗೆಸಿದವರದು.) ಹಾಗಂತ ಸಹಿ ಮಾಡಿದ ಕಾಗದ ಇದ್ದರೆ ಅದನ್ನು ಓದದೆ ಮುಂದೆ ಹೋಗಬೇಡಿ.

ಹಕ್ಕು ಇದ್ದರೂ ನಾನು ಒಂದು ಮಾತು ಕೇಳುತ್ತೇನೆ. 'ನಿಮ್ಮಲ್ಲಿ ಬಂದು ಒಂದು ತಿಂಗಳಾದ ಮೇಲೆ ನನ್ನ ತಾಣದಲ್ಲಿ ಹಾಕಿಕೊಳ್ಳಲಾ?' ಅಂತ ಮೇಲ್ ಮಾಡಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ಹಾಕ್ಕೊಳ್ಳಿ ಮೇಡಂ, ನಮ್ಮ ಪತ್ರಿಕೆ ಹೆಸರು ಹಾಕಿ.' ಆ ಮೇಲನ್ನು ಅಳಿಸದೆ ಇಟ್ಟುಕೊಳ್ಳುವುದು ಒಳ್ಳೆಯದು. ಸಂಪಾದಕರು ಬದಲಾಗುತ್ತಾರೆ. ಇದನ್ನೇ ಉಲ್ಟಾ ಮಾಡಲು ಹೋಗಬೇಡಿ. ಅಂದರೆ ಮೊದಲು ನಮ್ಮಲ್ಲಿ ಹಾಕಿ ಆಮೇಲೆ ಪತ್ರಿಕೆಗೆ ಕಳಿಸುವುದು. ಬೇರೆಲ್ಲೂ ಪ್ರಕಟವಾಗಿರಬಾರದು ಅಂತ ಪತ್ರಿಕೆಗಳು ಕೇಳುತ್ತವೆ. ಕಥಾಸ್ಪರ್ಧೆಗಳಲ್ಲಂತೂ ಫೇಸ್‌ಬುಕ್ಕಿನಲ್ಲಿ ಬಂದಿದ್ದರೂ ಆಗಲ್ಲ ಅನ್ನುವ ನಿಯಮ ನೋಡಿದ್ದೇನೆ.

ಇನ್ನು ಗೂಗಲ್. ಒಂದೇ ಲೇಖನ ಎರಡು ಕಡೆ ಇದ್ದರೆ 'ಪೆನಾಲ್ಟಿ' ಬೀಳುತ್ತದೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಮೋಸ ಮಾಡುವ ಉದ್ದೇಶ ಇಲ್ಲದಿದ್ದರೆ ಅಂಥ ಶಿಕ್ಷೆ ಇಲ್ಲ ಅಂತ ಗೂಗಲ್ 2008ರಲ್ಲೇ ಹೇಳಿದೆ. ಒಂದೇ ಥರದ ಪುಟಗಳಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಅಷ್ಟೇ. ನನ್ನ ವಿಷಯದಲ್ಲಿ ಗೆದ್ದದ್ದು ದೊಡ್ಡ ತಾಣವೇ. ಅದಕ್ಕೆ ನನ್ನ ತಕರಾರಿಲ್ಲ. ಮೂಲ ಯಾವುದು ಅಂತ ಹೇಳಲು 2009ರಲ್ಲಿ ಬಂದ 'ಕೆನಾನಿಕಲ್' ಗುರುತು ಇದೆ. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್ ಪ್ಲಗಿನ್ ಹಾಕಿಕೊಂಡರೆ ಅದಕ್ಕೊಂದು ಖಾನೆ ಸಿಗುತ್ತದೆ. ಬ್ಲಾಗರ್‌ನಲ್ಲಾದರೆ ಆ ಒಂದು ಬರಹವನ್ನು ಮಾತ್ರ ಹುಡುಕಾಟಕ್ಕೆ ಸಿಗದ ಹಾಗೆ, ಅಂದರೆ 'ನೋಇಂಡೆಕ್ಸ್' ಮಾಡಬಹುದು. 2023ರಿಂದ ಗೂಗಲ್ ಕೂಡ ಮರುಪ್ರಕಟಣೆಗೆ ಕೆನಾನಿಕಲ್ ಬದಲು ನೋಇಂಡೆಕ್ಸ್ ಅನ್ನೇ ಹೇಳುತ್ತಿದೆ. ಅದು ದೊಡ್ಡ ಪ್ರಕಾಶಕರಿಗೆ ಅನುಕೂಲದ ಸಲಹೆ. ನನಗೆ ಒಗ್ಗಲಿಲ್ಲ. ಮೂಲ ತಾಣ ಮುಚ್ಚಿದ ದಿನ ನನ್ನ ಪುಟವನ್ನೂ ಯಾರೂ ಹುಡುಕಲಾಗದಿದ್ದರೆ ಹಾಕಿ ಏನು ಬಂತು? ಮೂಲ ಬದುಕಿರುವಷ್ಟು ದಿನ ಕೆನಾನಿಕಲ್ ಇಡುತ್ತೇನೆ, ಸತ್ತರೆ ತೆಗೆಯುತ್ತೇನೆ. ಅಚ್ಚಿನಲ್ಲಿ ಮಾತ್ರ ಬಂದದ್ದಕ್ಕೆ ಇದ್ಯಾವುದೂ ಬೇಕಿಲ್ಲ. ಮೊದಲ ಸಾಲಿನಲ್ಲಿ ಪತ್ರಿಕೆ ಹೆಸರು, ತಾರೀಕು ಸಾಕು.

ಯಾವ ಪ್ರತಿ ಹಾಕಬೇಕು ಅನ್ನುವುದು ಇವೆರಡಕ್ಕಿಂತ ಜಾಸ್ತಿ ತಲೆ ತಿನ್ನುತ್ತದೆ. ಅಚ್ಚಾದದ್ದೋ, ನಾವು ಕಳಿಸಿದ್ದೋ? ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಒಂದು ಪತ್ರಿಕೆಗೆ ಬರೆದಿದ್ದೆ. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು ಅಂತ ಒಂದು ಚಿಕ್ಕ ಬಾಕ್ಸ್ ಇತ್ತು. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂತೋ ಏನೋ, ಅಚ್ಚಿನಲ್ಲಿ ಬಾಕ್ಸೇ ಇಲ್ಲ. ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವವರಿಗೆ ಬೇಕಾದದ್ದು ಆ ಅಳತೆಯೇ, ನನ್ನ ಪೀಠಿಕೆ ಅಲ್ಲ. ಅಂಥ ಕಡೆ ಕಳಿಸಿದ ಪ್ರತಿಯೇ ಸರಿ. ಆದರೆ ಉಪಸಂಪಾದಕರ ಕತ್ತರಿ ಎಷ್ಟೋ ಸಲ ಉಪಕಾರವನ್ನೇ ಮಾಡುತ್ತದೆ. ಎರಡು ಪ್ಯಾರಾ ಸುತ್ತಿ ಬಳಸಿ ಬರೆದದ್ದನ್ನು ಅವರು ಎರಡು ಸಾಲಿಗೆ ಇಳಿಸಿದ್ದರೆ ನಾನು ಆ ಎರಡು ಸಾಲನ್ನೇ ಇಟ್ಟುಕೊಳ್ಳುತ್ತೇನೆ, ಕೇಳಿಯೇ. ಅವರು ಕೊಟ್ಟ ತಲೆಬರಹ ಚೆನ್ನಾಗಿದ್ದರೆ ಅದನ್ನೂ.

ಅಚ್ಚಿನ ಪಿಡಿಎಫ್‌ನಿಂದ ಅಕ್ಷರ ಎತ್ತಲು ಮಾತ್ರ ಹೋಗಬೇಡಿ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೆಯ ಅಕ್ಷರದ ಕಡತವಾದರೆ ಕಾಪಿ ಮಾಡಿ ಅಂಟಿಸಿದಾಗ ಬರುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಈಗ ಫೋನು, ತಾಣಗಳಲ್ಲೆಲ್ಲ ನಡೆಯುವ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಇದೆ, ಆದರೆ ಅರ್ಕಾವೊತ್ತು ಬಂದ ಕಡೆ ಎಡವುತ್ತದೆ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮುಂಚೆ ಬರಬೇಕು. ಅದು ತಪ್ಪಿದರೆ 'ವರ್ಷ' ಹೋಗಿ 'ವಷರ್' ಆಗುತ್ತದೆ, 'ಕರ್ನಾಟಕ' ಹೋಗಿ 'ಕನಾರ್ಟಕ'. ಕನ್ನಡ ತಾಣಗಳಲ್ಲಿ ಈ 'ಕನಾರ್ಟಕ' ನೋಡದವರು ಯಾರು? ಸುಮ್ನೆ ಕೂತು ಒಂದೊಂದೇ ತಿದ್ದುವುದಕ್ಕಿಂತ ಮೊದಲಿಗೇ ಯೂನಿಕೋಡ್‌ನಲ್ಲಿ ಬರೆದು, ಪತ್ರಿಕೆಗೆ ಬೇಕಾದರೆ ಅಲ್ಲಿಗೆ ಮಾತ್ರ ನುಡಿಗೆ ಬದಲಿಸಿ ಕಳಿಸುವುದು ಸುಲಭ.

ಹೊಸದಾಗಿ ಬರೆಯುವ ದಾರಿ ಓದುಗರಿಗೆ ಎಲ್ಲಕ್ಕಿಂತ ಒಳ್ಳೆಯದು, ಬರೆಯುವವರಿಗೆ ಎಲ್ಲಕ್ಕಿಂತ ದುಬಾರಿ. ಹಿಪ್ಪಲಿ ಕಸಿಯ ಮೆಣಸಿನ ಲೇಖನಕ್ಕೆ ನಾನು ಆ ಕಷ್ಟ ಪಟ್ಟೆ. ಕೊಟ್ಟಿದ್ದ ಜಾಗದಲ್ಲಿ ಹೇಳಲು ಸಾಧ್ಯವಾದದ್ದು ಇಷ್ಟೇ: ದಕ್ಷಿಣ ಅಮೆರಿಕದ ಹಿಪ್ಪಲಿ ಜಾತಿಯ ಬೇರಿಗೆ ಸೊರಗು ರೋಗ ತಗಲುವುದಿಲ್ಲ, ಅದರ ಮೇಲೆ ನಮ್ಮ ಮೆಣಸಿನ ಬಳ್ಳಿ ಕಸಿ ಕಟ್ಟಬಹುದು. ಲೇಖನ ಬಂದ ಮೇಲೆ ಫೋನುಗಳು ಶುರುವಾದವು. 'ಅಕ್ಕಾ, ಬೇಸಿಗೆಗೆ ನೀರು ಬೇಕಾ?' ಬೇಕು, ಅದು ಜೌಗಿನ ಗಿಡ, ಒಣಗಿದರೆ ತಡೆಯುವುದಿಲ್ಲ. 'ಕಸಿಯ ಗಂಟು ಮಣ್ಣೊಳಗೆ ಹೋಗಬಹುದಾ?' ಬೇಡ, ಮೇಲೇ ಇರಲಿ. ಮೆಣಸಿನ ಬಳ್ಳಿ ನೆಲ ಮುಟ್ಟಿ ತಾನೇ ಬೇರು ಬಿಟ್ಟರೆ ರೋಗ ಆ ಬೇರಿನಿಂದ ಹತ್ತುತ್ತದೆ, ಕಸಿ ಕಟ್ಟಿದ್ದೂ ದಂಡ. ಈ ಪ್ರಶ್ನೆಗಳೆಲ್ಲ ಸೇರಿ ಹೊಸ ಲೇಖನವೇ ಆಯಿತು. ಹಳೆಯದರ ಒಂದು ಸಾಲೂ ಅದರಲ್ಲಿ ಉಳಿಯಲಿಲ್ಲ, ಹಾಗಾಗಿ ಅನುಮತಿಯ ಪ್ರಶ್ನೆಯೂ ಇರಲಿಲ್ಲ.

ಎಲ್ಲದಕ್ಕೂ ಹೀಗೆ ಕೂರಲು ಆಗುತ್ತದಾ? ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಅದರ ಲೇಖನವನ್ನು ಹೊಸದಾಗಿ ಬರೆದು ನಾನು ಸೇರಿಸುವುದೇನಿದೆ? ಬಿಟ್ಟುಹೋದ ಬಾಕ್ಸ್ ಸೇರಿಸಿ ಪೂರ್ತಿ ಹಾಕಿದರೆ ಆಯಿತು. ಓದುಗರಿಂದ ಪ್ರಶ್ನೆ ಬಂದಿದ್ದರೆ, ತೋಟದಲ್ಲಿ ಏನಾದರೂ ಬದಲಾಗಿದ್ದರೆ ಮಾತ್ರ ಹೊಸದಾಗಿ ಬರೆಯುತ್ತೇನೆ.

ಮಾರುಕಟ್ಟೆ ದರದ ವರದಿ, ಕಾರ್ಯಕ್ರಮದ ಸುದ್ದಿ ಇಂಥವನ್ನು ಯಾವ ದಾರಿಯಲ್ಲೂ ತರುವುದಿಲ್ಲ, ಅವುಗಳ ಆಯಸ್ಸು ಒಂದು ವಾರ. ಉಳಿದ ಹಳೆಯ 'ಪೂರ್ತಿ ಇಲ್ಲಿ ಓದಿ' ಪುಟಗಳನ್ನು ಬಿಡುವಾದಾಗ ಒಂದೊಂದಾಗಿ ಪೂರ್ತಿ ಲೇಖನ ಮಾಡುತ್ತಿದ್ದೇನೆ. ಮೂಲ ಪ್ರತಿ ಮೇಲ್‌ನ 'ಸೆಂಟ್' ಫೋಲ್ಡರಿನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಹುಡುಕುವಾಗ ಲೇಖನದ ಹೆಸರಲ್ಲ, ಪತ್ರಿಕೆಯ ಮೇಲ್ ವಿಳಾಸ ಕೊಟ್ಟು ಹುಡುಕಿ. ನುಡಿಯಲ್ಲಿ ಹೆಸರಿಟ್ಟ ಕಡತ ಕನ್ನಡದಲ್ಲಿ ಹುಡುಕಿದರೆ ಬರುವುದಿಲ್ಲ.